ಪದ್ಮಿನಿಗೆ ಐವತ್ತು: ಹಳೆಯ ಕಾರುಗಳ ಜೀರ್ಣೋದ್ಧಾರವೂ ಮಾರ್ಪಾಡಿನ ಮಿತಿಯೂ

ಮುಂಬೈನ ಕುರ್ಲಾ ಕಾರ್ಖಾನೆಯಿಂದ 1974ರಲ್ಲಿ 'ಪ್ರೀಮಿಯರ್ ಪದ್ಮಿನಿ' ಎಂಬ ಹೆಸರು ಹೊತ್ತು ಹೊರಬಂದ ಮೊದಲ ಕಾರುಗಳು ಈಗ ಐವತ್ತು ವರ್ಷ ದಾಟಿವೆ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು 2021ರ ಜುಲೈ ತಿಂಗಳಲ್ಲಿ ಪ್ರಕಟಿಸಿದ ನಿಯಮದಂತೆ, ಮೊದಲ ನೋಂದಣಿಯ ದಿನದಿಂದ ಐವತ್ತು ವರ್ಷ ಪೂರೈಸಿದ ಖಾಸಗಿ ಬಳಕೆಯ ದ್ವಿಚಕ್ರ ವಾಹನ ಅಥವಾ ಕಾರನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಇದರಿಂದಾಗಿ ರಾಜಮಹಾರಾಜರ ರೋಲ್ಸ್ ರಾಯ್ಸ್‌ಗಳ ಸಾಲಿನಲ್ಲಿ, ಮಧ್ಯಮ ವರ್ಗದ ಗುಮಾಸ್ತರೂ ವೈದ್ಯರೂ ವಕೀಲರೂ ಓಡಿಸುತ್ತಿದ್ದ ಕಾರು ಕೂಡ ನಿಲ್ಲುವಂತಾಗಿದೆ.

ಆದರೆ ಇದಕ್ಕೊಂದು ಷರತ್ತಿದೆ. ವಾಹನವು ಮೂಲ ರೂಪದಲ್ಲಿಯೇ ಇರಬೇಕು. ಅದರ ಚಾಸಿ, ಬಾಡಿ ಅಥವಾ ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ದಶಕಗಳಿಂದ ಮನೆಯ ಹಿತ್ತಲಿನಲ್ಲಿ, ಕಾರ್ ಶೆಡ್ಡಿನಲ್ಲಿ ನಿಂತಿದ್ದ ಫಿಯಟ್ಟು, ಅಂಬಾಸಿಡರುಗಳನ್ನು ಮತ್ತೆ ರಸ್ತೆಗಿಳಿಸಲು ಹೊರಟಿರುವ ಹವ್ಯಾಸಿಗಳಿಗೆ ಈ ಒಂದು ವಾಕ್ಯ ದೊಡ್ಡ ಪ್ರಶ್ನೆಯಾಗಿದೆ. ಕಾರನ್ನು ಇದ್ದಂತೆಯೇ ಉಳಿಸಿಕೊಳ್ಳಬೇಕೋ, ಇಂದಿನ ಅನುಕೂಲಕ್ಕೆ ತಕ್ಕಂತೆ ಬದಲಿಸಿಕೊಳ್ಳಬೇಕೋ ಎಂಬುದು ಮುಂಚೆ ರುಚಿಯ ಪ್ರಶ್ನೆಯಾಗಿತ್ತು. ಈಗ ಅದು ಆರ್‌ಸಿ ಪುಸ್ತಕದ ಪ್ರಶ್ನೆಯೂ ಆಗಿದೆ.

ಕನ್ನಡ ನಾಡಿನ ತಪ್ಪಿದ ಅವಕಾಶ

ಪದ್ಮಿನಿಯ ಕಥೆಗೆ ಮೈಸೂರು ಸಂಸ್ಥಾನದ ನಂಟೊಂದಿದೆ. ಭಾರತದಲ್ಲಿಯೇ ಮೋಟಾರು ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಪಟ್ಟು ಹಿಡಿದು ಯೋಜನೆ ಸಿದ್ಧಪಡಿಸಿದವರು ಸರ್ ಎಂ. ವಿಶ್ವೇಶ್ವರಯ್ಯ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದರಲ್ಲಿ ಆಸಕ್ತಿ ವಹಿಸಿದ್ದರು. ಬ್ರಿಟಿಷ್ ಸರ್ಕಾರದ ಅಸಹಕಾರದಿಂದ ಆ ಯೋಜನೆ ಕೈಗೂಡಲಿಲ್ಲ. ವಾಲ್‌ಚಂದ್ ಅವರು 1940ರಲ್ಲಿ ಮೈಸೂರು ಸರ್ಕಾರದ ನೆರವಿನೊಂದಿಗೆ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಆರಂಭಿಸಿದರು. ಅದೇ ಇಂದಿನ ಎಚ್‌ಎಎಲ್. ಅವರ ಕಾರಿನ ಕಂಪನಿಯಾದ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬೈಯಲ್ಲಿ ತಲೆಯೆತ್ತಿತು. ಬೆಂಗಳೂರಿಗೆ ವಿಮಾನ ದಕ್ಕಿತು, ಕಾರು ತಪ್ಪಿತು.

ಮೊದಲು ಅಮೆರಿಕದ ಕ್ರೈಸ್ಲರ್ ಪರವಾನಗಿಯಲ್ಲಿ ಕಾರು ಜೋಡಿಸುತ್ತಿದ್ದ ಪ್ರೀಮಿಯರ್, ಬಳಿಕ ಇಟಲಿಯ ಫಿಯಟ್ ಕಂಪನಿಯೊಂದಿಗೆ ಕೈಜೋಡಿಸಿತು. 1950ರ ದಶಕದಲ್ಲಿ ಬಂದ ಫಿಯಟ್ 1100 ಕಾರಿನ ಮುಂದಿನ ಬಾಗಿಲುಗಳು ಈಗಿನ ಕಾರುಗಳಿಗೆ ವಿರುದ್ಧ ದಿಕ್ಕಿನಲ್ಲಿ, ಅಂದರೆ ಹಿಂದಿನ ಅಂಚಿಗೆ ಕೀಲು ಹೊಂದಿದ್ದವು. ದುಂಡುಮೈಯ ಆ ಕಾರಿಗೆ ಮುಂಬೈಯವರು 'ಡುಕ್ಕರ್ ಫಿಯಟ್', ಎಂದರೆ ಹಂದಿ ಫಿಯಟ್, ಎಂದು ಹೆಸರಿಟ್ಟರು. 1964ರಿಂದ ಬಂದದ್ದು 1100ಡಿ. ಇದೇ ಮಾದರಿ 1970ರ ದಶಕದ ಆರಂಭದಲ್ಲಿ 'ಪ್ರೀಮಿಯರ್ ಪ್ರೆಸಿಡೆಂಟ್' ಆಗಿ, 1974ರಿಂದ 'ಪದ್ಮಿನಿ'ಯಾಯಿತು. 1089 ಸಿಸಿಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಸ್ಟೀರಿಂಗ್ ಕಂಬಕ್ಕೇ ಅಂಟಿಕೊಂಡ ಗೇರಿನ ಹಿಡಿ, ಮುಂದೆ ಮೂವರು ಒತ್ತಿಕೊಂಡು ಕುಳಿತುಕೊಳ್ಳಬಹುದಾದ ಉದ್ದನೆಯ ಸೀಟು ಇವು ಅದರ ಗುರುತುಗಳು. ಹೊಸ ಶತಮಾನದ ಆರಂಭದ ಹೊತ್ತಿಗೆ ತಯಾರಿಕೆ ನಿಂತಿತು. ಮುಂಬೈಯ ಕಪ್ಪು–ಹಳದಿ ಟ್ಯಾಕ್ಸಿಗಳ ಪೈಕಿ ಕೊನೆಯದಾಗಿ ನೋಂದಣಿಯಾಗಿದ್ದ ಪದ್ಮಿನಿಯ ಸೇವಾವಧಿ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು.

ಇದೇ ಅವಧಿಯ ಇನ್ನೆರಡು ಕಾರುಗಳು ಹವ್ಯಾಸಿಗಳ ಕೈಯಲ್ಲಿ ಹೆಚ್ಚಾಗಿ ಕಾಣಸಿಗುತ್ತವೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಆಧಾರದ ಮೇಲೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರ್ 1950ರ ದಶಕದ ಕೊನೆಯಲ್ಲಿ ಆರಂಭವಾಗಿ 2014ರ ಮೇ ತಿಂಗಳವರೆಗೆ ಬದುಕಿತು. ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ 1960ರ ದಶಕದ ಕಾರು. ಹೆರಾಲ್ಡಿನ ಬಾಡಿ ಪ್ರತ್ಯೇಕ ಚಾಸಿಯ ಮೇಲೆ ಬೋಲ್ಟುಗಳಿಂದ ಕೂತಿರುವುದರಿಂದ ಅದನ್ನು ಭಾಗಭಾಗವಾಗಿ ಬಿಚ್ಚಿ ಸರಿಪಡಿಸುವುದು ಸುಲಭ. ಫಿಯಟ್ಟಿನಲ್ಲಿಯೂ ಅಂಬಾಸಿಡರಿನಲ್ಲಿಯೂ ಆ ಅನುಕೂಲವಿಲ್ಲ. ಅವುಗಳಲ್ಲಿ ಬಾಡಿಯೇ ಚಾಸಿಯ ಕೆಲಸವನ್ನೂ ಮಾಡುತ್ತದೆ. ತಳದ ತಗಡು ತುಕ್ಕು ಹಿಡಿದರೆ ಕಾರಿನ ಬೆನ್ನುಮೂಳೆಯೇ ಕುಸಿದಂತೆ.

ಮೊದಲು ಕಾಗದ, ಆಮೇಲೆ ಪಾನಾ

ಹಳೆಯ ಕಾರು ಕೊಳ್ಳುವ ಹೊಸಬರು ಎಂಜಿನ್ ಶುರುವಾಗುತ್ತದೆಯೇ ಎಂದು ನೋಡುತ್ತಾರೆ. ಅನುಭವಿಗಳು ಮೊದಲು ಕೇಳುವುದು ಆರ್‌ಸಿ ಪುಸ್ತಕವನ್ನು. ಎಂಜಿನ್ ಹಾಳಾದರೆ ರಿಪೇರಿಯಾಗುತ್ತದೆ. ದಾಖಲೆ ಇಲ್ಲದ ಕಾರು ಎಷ್ಟೇ ಹೊಳೆದರೂ ರಸ್ತೆಗಿಳಿಯದು.

ಬಹುತೇಕ ಕಾರುಗಳು ತೀರಿಕೊಂಡ ತಂದೆ ಅಥವಾ ತಾತನ ಹೆಸರಿನಲ್ಲಿಯೇ ಉಳಿದಿರುತ್ತವೆ. ವಾರಸುದಾರರು ಮರಣ ಪ್ರಮಾಣಪತ್ರದೊಂದಿಗೆ ನಮೂನೆ 31ರಲ್ಲಿ ಅರ್ಜಿ ಸಲ್ಲಿಸಿ ಹೆಸರು ವರ್ಗಾಯಿಸಿಕೊಳ್ಳಬೇಕು. ಒಬ್ಬರಿಗಿಂತ ಹೆಚ್ಚು ವಾರಸುದಾರರಿದ್ದರೆ ಉಳಿದವರ ಒಪ್ಪಿಗೆ ಬೇಕಾಗುತ್ತದೆ. ಗುಜರಿಗೆ ಹೋಗಲಿದ್ದ ಡಬ್ಬಾ ಕಾರಿಗೆ ಬೆಲೆ ಬರುತ್ತದೆ ಎಂದು ತಿಳಿದ ಕೂಡಲೇ ಅಣ್ಣತಮ್ಮಂದಿರ ನಡುವೆ ಮಾತು ಬೆಳೆಯುವುದೂ ಉಂಟು. ಆರ್‌ಸಿ ಕಳೆದುಹೋಗಿದ್ದರೆ ಪೊಲೀಸರಿಗೆ ದೂರು ನೀಡಿ ನಮೂನೆ 26ರಲ್ಲಿ ನಕಲು ಪ್ರತಿಗೆ ಅರ್ಜಿ ಹಾಕಬೇಕು. ಗಣಕೀಕರಣಕ್ಕೂ ಮುಂಚಿನ ನೋಂದಣಿಗಳು 'ವಾಹನ್' ದತ್ತಾಂಶದಲ್ಲಿ ಇಲ್ಲದಿದ್ದರೆ, ಆರ್‌ಟಿಓ ಕಚೇರಿಯ ಹಳೆಯ ರಿಜಿಸ್ಟರನ್ನು ಹುಡುಕಿಸಿ 'ಬ್ಯಾಕ್‌ಲಾಗ್ ಎಂಟ್ರಿ' ಮಾಡಿಸದೆ ಮುಂದಿನ ಯಾವ ಕೆಲಸವೂ ಆಗದು.

ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆಯುವ ಅಚ್ಚು ಆರ್‌ಸಿಯಲ್ಲಿರುವ ಸಂಖ್ಯೆಗೆ ತಾಳೆಯಾಗುವುದೇ ಎಂಬುದನ್ನು ಹಣ ಕೊಡುವ ಮೊದಲೇ ನೋಡಿಕೊಳ್ಳಬೇಕು. ಎರಡು ಕಾರುಗಳನ್ನು ಕೊಂಡು ಒಂದನ್ನು ಬಿಚ್ಚಿ ಇನ್ನೊಂದನ್ನು ಕಟ್ಟುವುದು ಈ ಹವ್ಯಾಸದಲ್ಲಿ ಸಾಮಾನ್ಯ. ಅದರಲ್ಲಿ ತಪ್ಪಿಲ್ಲ. ಒಂದರ ಚಾಸಿ ಸಂಖ್ಯೆಯನ್ನು ಕತ್ತರಿಸಿ ಇನ್ನೊಂದಕ್ಕೆ ಬೆಸುಗೆ ಹಾಕುವುದು ಮಾತ್ರ ಅಪರಾಧ.

ಕರ್ನಾಟಕದ ಹವ್ಯಾಸಿಗಳು ಜೋಪಾನ ಮಾಡುವ ಇನ್ನೊಂದು ಸಂಗತಿ ನಂಬರ್ ಪ್ಲೇಟು. 1989ರಲ್ಲಿ 'ಕೆಎ' ಸರಣಿ ಬರುವುದಕ್ಕೆ ಮುಂಚೆ ರಾಜ್ಯದ ವಾಹನಗಳಿಗೆ 'ಎಂವೈ', 'ಎಂಇ', 'ಸಿಎ' ಎಂದು ಆರಂಭವಾಗುವ ಮೂರಕ್ಷರದ ಗುರುತುಗಳಿದ್ದವು. ಅವುಗಳಲ್ಲಿ 'ಎಂವೈ' ಮೈಸೂರು ರಾಜ್ಯದ ನೆನಪು. ಈಗಾಗಲೇ ನೋಂದಣಿಯಾಗಿರುವ ವಾಹನ ವಿಂಟೇಜ್ ವರ್ಗಕ್ಕೆ ಬಂದಾಗ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಲು 2021ರ ನಿಯಮ ಅವಕಾಶ ನೀಡಿದೆ. ಹೊಸದಾಗಿ ನೋಂದಣಿ ಪಡೆಯುವ ವಾಹನಗಳಿಗೆ ರಾಜ್ಯದ ಸಂಕೇತದ ಬಳಿಕ 'ವಿಎ' ಅಕ್ಷರಗಳು, ಎರಡಕ್ಷರದ ಸರಣಿ, ನಾಲ್ಕಂಕಿಯ ಸಂಖ್ಯೆ ದೊರೆಯುತ್ತವೆ.

ತುಕ್ಕು, ಪುಟ್ಟಿ ಮತ್ತು ಅಯಸ್ಕಾಂತ

ದಾಖಲೆ ಸರಿಯಿದ್ದರೆ ಕೆಲಸ ಆರಂಭವಾಗುವುದು ಬಾಡಿಯಿಂದ. ಪದ್ಮಿನಿಯಲ್ಲಿ ತುಕ್ಕು ಮೊದಲು ತಿನ್ನುವುದು ಕಾಲಿಡುವ ತಳ, ಬಾಗಿಲಿನ ಕೆಳ ಅಂಚು, ಚಕ್ರದ ಕಮಾನು ಮತ್ತು ಡಿಕ್ಕಿಯ ತಳವನ್ನು. ಮಂಗಳೂರು, ಕಾರವಾರದಂತಹ ಕರಾವಳಿಯ ಉಪ್ಪುಗಾಳಿಯಲ್ಲಿ ನಿಂತ ಕಾರಿಗಿಂತ ರಾಯಚೂರು, ಬಳ್ಳಾರಿಯ ಒಣ ಹವೆಯಲ್ಲಿ ನಿಂತ ಕಾರಿನ ತಗಡು ಚೆನ್ನಾಗಿರುವ ಸಂಭವ ಹೆಚ್ಚು. ಆದರೆ ಬಿಸಿಲಿಗೆ ಅದರ ರಬ್ಬರು, ಸೀಟಿನ ಹೊದಿಕೆ ಬಿರಿದಿರುತ್ತವೆ.

ಹೊಳೆಯುವ ಬಣ್ಣ ನಂಬಿ ಕೊಂಡವರು ಮೋಸಹೋಗುವುದು ಪುಟ್ಟಿಯಿಂದ. ತೂತಾದ ತಗಡಿಗೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದರೆ ಒಂದು ಮಳೆಗಾಲ ದಾಟಬಹುದು. ಇದನ್ನು ಪತ್ತೆಹಚ್ಚಲು ಹಳಬರು ಜೇಬಿನಲ್ಲಿ ಚಿಕ್ಕ ಅಯಸ್ಕಾಂತ ಇಟ್ಟುಕೊಂಡಿರುತ್ತಾರೆ. ತಗಡಿರುವಲ್ಲಿ ಅದು ಅಂಟುತ್ತದೆ. ಪುಟ್ಟಿ ದಪ್ಪವಿರುವಲ್ಲಿ ಜಾರುತ್ತದೆ. ಸರಿಯಾದ ಕ್ರಮವೆಂದರೆ ಕೊಳೆತ ಭಾಗವನ್ನು ಕತ್ತರಿಸಿ, ಅದೇ ದಪ್ಪದ ಹೊಸ ತಗಡನ್ನು ಅದೇ ಬಾಗಿಗೆ ಬಡಿದು ಬೆಸೆಯುವುದು. ಟಿಂಕರಿಂಗ್ ಕಸುಬುದಾರನ ನಿಜವಾದ ಪರೀಕ್ಷೆ ಇಲ್ಲಿಯೇ. ಫೆಂಡರಿನ ಬಾಗನ್ನು ಕಣ್ಣಳತೆಯಲ್ಲಿ ಬಡಿದು ತರಬಲ್ಲ ಕೈಗಳು ಈಗ ವಿರಳ. ಇಂದಿನ ವರ್ಕ್‌ಶಾಪುಗಳಲ್ಲಿ ಜಜ್ಜಿಹೋದ ಭಾಗವನ್ನು ಬದಲಿಸುತ್ತಾರೆ, ಬಡಿಯುವುದು ಕಡಿಮೆ. ಆ ಹಿರಿಯರು ಕೈಬಿಟ್ಟ ದಿನ ಹವ್ಯಾಸದ ಅರ್ಧ ಶಕ್ತಿ ಹೋದಂತೆಯೇ.

ಎಂಜಿನ್ ವಿಷಯದಲ್ಲಿ ಅಷ್ಟು ಅಂಜಿಕೆ ಬೇಡ. ವರ್ಷಗಟ್ಟಲೆ ನಿಂತು ಹಿಡಿದುಕೊಂಡ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ತೆಗೆದು ಸಿಲಿಂಡರಿಗೆ ಎಣ್ಣೆ ಬಿಟ್ಟು ಕೆಲ ದಿನ ಬಿಡಬೇಕು. ನಂತರ ಕೈಯಿಂದಲೇ ನಿಧಾನವಾಗಿ ತಿರುಗಿಸಬೇಕು. ಆತುರದಿಂದ ಬ್ಯಾಟರಿ ಕೊಟ್ಟು ತಿರುಗಿಸಿದರೆ ಪಿಸ್ಟನ್ ರಿಂಗು ಮುರಿಯುತ್ತದೆ. ಸಿಲಿಂಡರು ಸವೆದಿದ್ದರೆ ಬೋರಿಂಗ್ ಮಾಡಿಸಿ ಒಂದು ಹಂತ ದೊಡ್ಡ ಪಿಸ್ಟನ್ ಹಾಕಿಸುವುದು ವಾಡಿಕೆ. ಎಂಜಿನ್ನಿಗಿಂತ ಹೆಚ್ಚು ಗಮನ ಬೇಡುವುದು ಬ್ರೇಕು. ಹಳೆಯ ಫಿಯಟ್ಟಿನ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು. ರಬ್ಬರ್ ಹೋಸ್ ಮತ್ತು ಸಿಲಿಂಡರಿನ ವಾಷರುಗಳನ್ನು ನೋಡಲು ಚೆನ್ನಾಗಿವೆ ಎಂದು ಬಿಡದೆ ಪೂರ್ತಿ ಬದಲಿಸಬೇಕು.

ಬಿಡಿಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಚೆನ್ನೈನ ಪುದುಪೇಟೆ, ಮುಂಬೈನ ಚೋರ್ ಬಜಾರ್‌ಗಳನ್ನು ಅಲೆಯದ ಹವ್ಯಾಸಿಯಿಲ್ಲ. ಪಿಸ್ಟನ್, ಕ್ಲಚ್ ಪ್ಲೇಟು ಹೇಗೋ ಸಿಗುತ್ತವೆ. ಸಿಗದಿರುವುದು ಮುಂಗ್ರಿಲ್ಲು, ಬಾನೆಟ್ಟಿನ ಮೇಲಿನ ಅಕ್ಷರ ಪಟ್ಟಿ, ಚಕ್ರದ ಬಟ್ಟಲು, ಗಾಜಿನ ಸುತ್ತಲಿನ ಬೀಡಿಂಗ್. ಬೀಡಿಂಗ್ ರಬ್ಬರಿಗೆ ಹೊಸ ಅಚ್ಚು ಮಾಡಿಸಬೇಕಾದರೆ ಒಬ್ಬರ ಜೇಬು ಸಾಲದು. ಆದ್ದರಿಂದ ಒಂದೇ ಮಾದರಿಯ ಕಾರುಳ್ಳ ಹಲವರು ಸೇರಿ ಒಟ್ಟಿಗೆ ಮಾಡಿಸಿ ಹಂಚಿಕೊಳ್ಳುತ್ತಾರೆ. ಒಬ್ಬರ ಬಳಿ ಹೆಚ್ಚಾಗಿರುವ ಬಾಗಿಲು ಇನ್ನೊಬ್ಬರ ಕಾರ್ಬುರೇಟರಿಗೆ ಬದಲಾಗಿ ಊರು ದಾಟುತ್ತದೆ. ಭಾನುವಾರದ ಬೆಳಗಿನ ಸವಾರಿ, ದಾರಿಯಲ್ಲಿ ಇಡ್ಲಿ–ಕಾಫಿ, ಒಂದು ಕಾರು ಕೆಟ್ಟರೆ ಉಳಿದವರೆಲ್ಲ ಅದರ ಬಾನೆಟ್ಟಿನ ಸುತ್ತ ಸೇರುವುದು ಇವೆಲ್ಲ ಹವ್ಯಾಸದ ಹೊರನೋಟಕ್ಕೆ ಕಾಣುವ ಭಾಗ. ಒಳಗಿನ ಬಲವಿರುವುದು ಈ ಕೊಡುಕೊಳ್ಳುವಿಕೆಯಲ್ಲಿ. ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಮತ್ತು ಕ್ಲಾಸಿಕ್ ಕಾರ್ ಕ್ಲಬ್ ಇದೆ. ಪೂರ್ಣಗೊಂಡ ಕಾರುಗಳನ್ನು ಕಣ್ಣಾರೆ ಕಂಡು ತಿಳಿಯಬಯಸುವವರಿಗೆ ಧರ್ಮಸ್ಥಳದ ಕಾರು ಸಂಗ್ರಹಾಲಯ ಹಾಗೂ ಶ್ರೀರಂಗಪಟ್ಟಣದ ಬಳಿ ಹೆದ್ದಾರಿ ಬದಿಯಲ್ಲಿರುವ 'ಪಯಣ' ಸಂಗ್ರಹಾಲಯಗಳು ತೆರೆದಿವೆ.

ಎಲ್ಲಿಯವರೆಗೆ ಮಾರ್ಪಾಡು?

ದೇವಾಲಯದ ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಕಲ್ಲುಕಂಬಗಳಿಗೆ ಎನಾಮಲ್ ಬಣ್ಣ ಬಳಿದು, ನೆಲಕ್ಕೆ ಹೊಳಪಿನ ಟೈಲ್ಸ್ ಹಾಸಿದ್ದನ್ನು ಕಂಡವರಿಗೆ ಈ ಚರ್ಚೆ ಹೊಸದೇನಲ್ಲ. ಉದ್ದೇಶ ಒಳ್ಳೆಯದು, ಖರ್ಚೂ ಬಹಳ, ಉಳಿದದ್ದು ಮಾತ್ರ ಹಳೆಯ ಗುಡಿಯಲ್ಲ. ಅಂತರರಾಷ್ಟ್ರೀಯ ಹಳೆವಾಹನಗಳ ಒಕ್ಕೂಟವಾದ 'ಫೀವಾ' ತನ್ನ ಟ್ಯೂರಿನ್ ಸನ್ನದಿನಲ್ಲಿ ಸಂರಕ್ಷಣೆಯನ್ನೂ ಪುನರುಜ್ಜೀವನವನ್ನೂ ಬೇರೆಬೇರೆಯಾಗಿ ಗುರುತಿಸಿದೆ. ಆದಷ್ಟು ಕಡಿಮೆ ಕೈಹಾಕುವುದೇ ಲೇಸು ಎಂಬುದು ಅದರ ಧೋರಣೆ. ಮೂಲ ಬಣ್ಣ ಮಾಸಿದ್ದರೂ ಉಳಿದಿದ್ದರೆ, ಹೊಸ ಬಣ್ಣಕ್ಕಿಂತ ಅದಕ್ಕೇ ಬೆಲೆ ಹೆಚ್ಚು.

ಮಾರ್ಪಾಡಿನ ಕಡೆಯವರ ವಾದದಲ್ಲಿಯೂ ಹುರುಳಿದೆ. 1970ರ ದಶಕದ ಬ್ರೇಕಿನೊಂದಿಗೆ ಇಂದಿನ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಸಾಗುವುದು ಸುಖದ ಮಾತಲ್ಲ. ಸೀಟ್ ಬೆಲ್ಟಿಲ್ಲ, ದೀಪ ಮಂದ. ಹೀಗಾಗಿ ಅನುಭವಿ ಹವ್ಯಾಸಿಗಳು ಒಂದು ಸೂತ್ರ ಪಾಲಿಸುತ್ತಾರೆ: ಮಾಡಿದ ಬದಲಾವಣೆಯನ್ನು ತಗಡು ಕತ್ತರಿಸದೆ ಮತ್ತೆ ಹಿಂದಕ್ಕೆ ತರುವಂತಿರಬೇಕು. ಡೈನಮೊ ಬದಲು ಆಲ್ಟರ್ನೇಟರ್, ರೇಡಿಯಲ್ ಟೈರು, ಪ್ರಖರವಾದ ಬಲ್ಬು, ಎಲೆಕ್ಟ್ರಾನಿಕ್ ಇಗ್ನಿಷನ್ ಈ ಬಗೆಯವು. ತೆಗೆದ ಮೂಲ ಭಾಗಕ್ಕೆ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಟ್ಟರಾಯಿತು. ಛಾವಣಿ ಕತ್ತರಿಸಿ ತೆರೆದ ಕಾರು ಮಾಡುವುದು, ಬೇರೆ ಕಂಪನಿಯ ಎಂಜಿನ್ ಕೂರಿಸುವುದು ಹಿಂದಕ್ಕೆ ಬಾರದ ದಾರಿ.

ಕಾನೂನು ಇನ್ನೂ ಬಿಗಿಯಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಂ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಅನುಮೋದಿತ ಕಿಟ್ ಬಳಸಿ ಸಿಎನ್‌ಜಿಗೆ ಅಥವಾ ವಿದ್ಯುತ್ತಿಗೆ ಬದಲಿಸಿಕೊಳ್ಳಲು ದಾರಿಯಿದೆ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು. ಅಗಲ ಟೈರು, ಎತ್ತರಿಸಿದ ಸಸ್ಪೆನ್ಷನ್ನಿನ ಜೀಪುಗಳು ಮಲೆನಾಡು, ಕೊಡಗಿನ ತೋಟದ ದಾರಿಯಲ್ಲಿ ಮೆರೆದರೂ ಡಾಂಬರು ರಸ್ತೆಗೆ ಬಂದಾಗ ಈ ಕಲಂಗಳ ವ್ಯಾಪ್ತಿಗೇ ಬರುತ್ತವೆ. ಅಪಘಾತವಾದಾಗ ವಿಮಾ ಕಂಪನಿ ತಿಳಿಸದ ಮಾರ್ಪಾಡನ್ನು ಮುಂದೊಡ್ಡಿ ಪರಿಹಾರಕ್ಕೆ ತಕರಾರು ತೆಗೆಯಬಹುದು.

ಪದ್ಮಿನಿಯಂತಹ ಕಾರುಗಳಿಗೆ ಇದರ ಬಿಸಿ ಹೆಚ್ಚು. ಪೆಟ್ರೋಲ್ ದುಬಾರಿಯೆಂದು ಒಂದು ಕಾಲದಲ್ಲಿ ಫಿಯಟ್ಟು, ಅಂಬಾಸಿಡರು, ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುವುದು ಜಾಣತನವೆನಿಸಿತ್ತು. ತೆಗೆದ ಪೆಟ್ರೋಲ್ ಎಂಜಿನ್ ಗುಜರಿಗೆ ಹೋಯಿತು. ಅಂದು ನಾಲ್ಕು ಕಾಸು ಉಳಿಸಿದ ಆ ಕಾರುಗಳೇ ಇಂದು ಐವತ್ತು ತುಂಬಿದರೂ ವಿಂಟೇಜ್ ಅರ್ಹತೆಯ ಹೊಸ್ತಿಲಲ್ಲಿ ಸಿಕ್ಕಿಬೀಳುತ್ತವೆ.

ಪೆಟ್ರೋಲೇ ಬದಲಾದಾಗ

ಮಾಲೀಕ ಏನನ್ನೂ ಬದಲಿಸದಿದ್ದರೂ ಬಂಕಿನಲ್ಲಿ ಸಿಗುವ ಇಂಧನ ಬದಲಾಗಿದೆ. ಸೀಸ ಬೆರೆತ ಪೆಟ್ರೋಲ್ 2000ದಲ್ಲಿ ದೇಶದಲ್ಲಿ ನಿಂತಿತು. ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ದೊರೆತದ್ದು ಬೆಂಗಳೂರಿನಲ್ಲಿಯೇ. 2025ರ ಹೊತ್ತಿಗೆ ಅದು ದೇಶದ ಸಾಮಾನ್ಯ ಪೆಟ್ರೋಲಾಯಿತು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ವಾರಗಟ್ಟಲೆ ನಿಲ್ಲುವ ಹಳೆಯ ಕಾರಿನ ಟ್ಯಾಂಕಿನಲ್ಲಿ ನೀರು ಬೇರ್ಪಟ್ಟು ತಳಸೇರಿ ತುಕ್ಕಿಗೆ ಕಾರಣವಾಗಬಹುದು. ಹಳೆಯ ರಬ್ಬರ್ ಹೋಸು, ಪೆಟ್ರೋಲ್ ಪಂಪಿನ ಡಯಾಫ್ರಮ್ಮು ಉಬ್ಬಿ ಮೆತ್ತಗಾಗುತ್ತವೆ. ಸೋರುವ ಹೋಸು ಬಿಸಿ ಎಂಜಿನ್ನಿನ ಪಕ್ಕದಲ್ಲಿದ್ದರೆ ಬೆಂಕಿಯ ಭಯವೂ ಇದೆ. ಎಥೆನಾಲ್ ತಾಳುವ ಹೋಸು ಹಾಕಿಸುವುದು, ಟ್ಯಾಂಕಿನಿಂದ ಬರುವ ಕೊಳವೆಗೆ ಫಿಲ್ಟರ್ ಜೋಡಿಸುವುದು, ದೀರ್ಘಕಾಲ ನಿಲ್ಲಿಸುವುದಾದರೆ ಟ್ಯಾಂಕು ಬರಿದು ಮಾಡುವುದು, ಕಾರ್ಬುರೇಟರಿನ ಜೆಟ್ ಹೊಂದಿಸಿಕೊಳ್ಳುವುದು ಪರಿಹಾರಗಳು. ಇವು ಕಾರಿನ ಮೂಲ ರಚನೆಯನ್ನು ಮುಟ್ಟುವುದಿಲ್ಲವಾದ್ದರಿಂದ ಮೂಲರೂಪದ ಕಟ್ಟಾ ಅಭಿಮಾನಿಗಳೂ ಒಪ್ಪಬೇಕಾದ ಮಾರ್ಪಾಡುಗಳು.

ನೋಂದಣಿ: ಎರಡು ದಾರಿ

ವಿಂಟೇಜ್ ನೋಂದಣಿಗೆ 'ಪರಿವಾಹನ್' ಜಾಲತಾಣದ ಮೂಲಕ ನಮೂನೆ 20ರಲ್ಲಿ, ವಿಮೆ ಹಾಗೂ ಹಳೆಯ ಆರ್‌ಸಿಯೊಂದಿಗೆ ಅರ್ಜಿ ಸಲ್ಲಿಸಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಮರು ನೋಂದಣಿಗೆ 5,000 ರೂಪಾಯಿ ಶುಲ್ಕ. ಅರವತ್ತು ದಿನಗಳೊಳಗೆ ಪ್ರಮಾಣಪತ್ರ ನೀಡಬೇಕೆಂದು ನಿಯಮ ಹೇಳುತ್ತದೆ. ಅದರ ಅವಧಿ ಹತ್ತು ವರ್ಷ. ಈ ಗೌರವಕ್ಕೆ ಬೆಲೆಯೂ ಇದೆ. ವಿಂಟೇಜ್ ವಾಹನವನ್ನು ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ಭರ್ತಿ, ದುರಸ್ತಿಗಳಿಗಷ್ಟೇ ರಸ್ತೆಗೆ ತರಬಹುದು. ದಿನನಿತ್ಯದ ಓಡಾಟಕ್ಕಾಗಲೀ ಬಾಡಿಗೆಗಾಗಲೀ ಬಳಸುವಂತಿಲ್ಲ.

ತಾತನ ಫಿಯಟ್ಟಿನಲ್ಲಿ ಮನೆಮಂದಿಯೊಂದಿಗೆ ಮದುವೆಗೋ ಜಾತ್ರೆಗೋ ಹೋಗಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ಮುಂದುವರಿಸುತ್ತಾರೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ತಪಾಸಣೆಗೊಳಪಡಿಸಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಈ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಲಾಯಿತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದು 10,000 ರೂಪಾಯಿಯಾಯಿತು. ರಾಜ್ಯದ ಹಸಿರು ತೆರಿಗೆ ಬೇರೆ. ಮೂವತ್ತು, ನಲವತ್ತು ವರ್ಷದ ಕಾರುಗಳು ಹವ್ಯಾಸಿಗಳ ಲೆಕ್ಕದಲ್ಲಿ 'ಕ್ಲಾಸಿಕ್'; ಆರ್‌ಟಿಓ ಲೆಕ್ಕದಲ್ಲಿ ಹಳೆಯ ಕಾರು ಅಷ್ಟೇ. 1985ರಲ್ಲಿ ನೋಂದಣಿಯಾದ ಪದ್ಮಿನಿಗೆ ವಿಂಟೇಜ್ ಅರ್ಹತೆ ಬರುವುದು 2035ರಲ್ಲಿ. ಅದರ ಮಾಲೀಕರು ಈಗ ಎಂಜಿನ್ ಬದಲಿಸಲು ಹೊರಟಿದ್ದರೆ, ಬಿಚ್ಚಿದ ಎಂಜಿನ್ನನ್ನು ಗುಜರಿಗೆ ಹಾಕುವ ಮುನ್ನ ಆ ಹತ್ತು ವರ್ಷಗಳನ್ನು ಎಣಿಸಿ ನೋಡುವುದು ಒಳಿತು.